ಮರುದನಿ ಮತ್ತು ಮರುಮಾತು

ನಮ್ಮ ಮನೆಗೆ ರೇಡಿಯೋ ಬಂದುದು 1970ರ ದಶಕದ ಆರಂಭದಲ್ಲಿ. ಮೆಟ್ಟೂರು ಜಲಾಶಯದ ಹಿನ್ನೀರಿನ ಅಂಚಿನಲ್ಲಿದ್ದ ನಮ್ಮ ಊರಿನ ಎಲ್ಲ ಮನೆಗಳಿಗೆ ಆಗಿನ್ನೂ ವಿದ್ಯುತ್ತು ಬಂದಿರಲಿಲ್ಲ. ತಂದೆಯವರು ಸೇಲಂನಿಂದ ಬ್ಯಾಟರಿಯ ರೇಡಿಯೋ ತಂದು, ಅಂಚೆ ಕಚೇರಿಯಲ್ಲಿ ಅದರ ಲೈಸೆನ್ಸ್ ಶುಲ್ಕ ಕಟ್ಟಿ, ಜಗಲಿಯ ಗೂಡಿನಲ್ಲಿ ಇಟ್ಟರು. ಸಂಜೆಯಾದರೆ ನೆರೆಹೊರೆಯವರು ಅಲ್ಲಿ ಕೂಡುತ್ತಿದ್ದರು. ತಿರುಚ್ಚಿಯ ತಮಿಳು ಕಾರ್ಯಕ್ರಮಗಳು ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಬೆಂಗಳೂರಿನ ಕನ್ನಡ ಗರಗರ ಸದ್ದಿನ ನಡುವೆ ಬಂದೂ ಬಾರದಂತೆ ಕೇಳಿಸುತ್ತಿತ್ತು. ದೆಹಲಿಯಿಂದ ಓದುವ ಕನ್ನಡ ವಾರ್ತೆಯ ಹೊತ್ತಿಗೆ ತಂದೆಯವರು ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದು, ದನಿ ಸ್ಪಷ್ಟವಾಗುವ ದಿಕ್ಕನ್ನು ಹುಡುಕುತ್ತ ನಿಲ್ಲುವರು. ಆ ಹತ್ತು ನಿಮಿಷ ಜಗಲಿಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಒಂದು ಸಂಜೆ ವಾರ್ತೆ ಮುಗಿದ ಮೇಲೆ ನಮ್ಮ ಅಜ್ಜಿ ತಂದೆಯವರನ್ನು ಕೇಳಿದರು: “ಅಲ್ಲ ಕಣಪ್ಪ, ಅವ್ನು ದಿನಾ ಹೇಳ್ತಾನೆ, ನಾವು ದಿನಾ ಕೇಳ್ತೀವಿ. ನಾವು ಹೇಳೋದನ್ನ ಅವ್ನು ಯಾವತ್ತು ಕೇಳ್ತಾನೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ರೇಡಿಯೋ ಎಂದರೆ ಏನೆಂಬುದು ಅಜ್ಜಿಗೆ ತಿಳಿಯದು ಎಂಬುದು ನಮ್ಮ ನಗೆಯ ಅರ್ಥವಾಗಿತ್ತು. ಆ ಪ್ರಶ್ನೆ ಅಜ್ಞಾನದಿಂದ ಬಂದುದಲ್ಲ, ಅನುಭವದಿಂದ ಬಂದುದೆಂದು ತಿಳಿಯಲು ನನಗೆ ಬಹಳ ವರ್ಷಗಳು ಹಿಡಿದವು.

ಅಜ್ಜಿ ಹುಟ್ಟಿದ ಊರು ಇಂದು ಜಲಾಶಯದ ತಳದಲ್ಲಿದೆ. ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ನೀರು ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ದೇವಾಲಯದ ನಂದಿಯೂ ಇಗರ್ಜಿಯ ಗೋಪುರವೂ ಮೇಲೆ ಕಾಣಿಸಿಕೊಳ್ಳುವುದನ್ನು ನಮ್ಮ ಸಂಘದ ಬಹುಮಂದಿ ನೋಡಿದ್ದಾರೆ. ಊರು ಬಿಡಬೇಕೆಂಬ ಸುದ್ದಿ ತಮ್ಮ ಬೀದಿಗೆ ತಮಟೆಯ ಮೂಲಕ ಬಂದುದನ್ನು ಅಜ್ಜಿ ಹೇಳುತ್ತಿದ್ದರು. ಸಾರಿದವನು ಅದೇ ಊರಿನವನು. ಅವನ ಗುಡಿಸಲೂ ಮುಳುಗುವುದಿತ್ತು. ಯಾರೋ ಹಿರಿಯರು ಅವನನ್ನು ತಡೆದು, “ಎಲ್ಲಿಗೆ ಹೋಗಬೇಕಂತೆ?” ಎಂದು ಕೇಳಿದರಂತೆ. ಅವನು, “ನನಗೆ ಹೇಳಿಕೊಟ್ಟಿದ್ದು ಇಷ್ಟೇ ಸಾಮಿ” ಎಂದು ಮುಂದಿನ ಬೀದಿಗೆ ನಡೆದನಂತೆ.

ದೂರದ ಒಂದು ದನಿ, ಅದನ್ನು ನಮ್ಮ ಬೀದಿಯಲ್ಲಿ ನುಡಿಯುವ ಹತ್ತಿರದ ಒಂದು ಬಾಯಿ, ಕೇಳುತ್ತ ನಿಂತ ಜನ: ಪ್ರಸಾರವೆಂಬ ವ್ಯವಸ್ಥೆಯ ಮೂರು ಅಂಗಗಳೂ ಆ ಚಿತ್ರದಲ್ಲಿವೆ. ಈ ಮೂವರ ನಡುವಿನ ನೈತಿಕ ಸಂಬಂಧವೇನು ಎಂಬುದು ಈ ಲೇಖನದ ಪ್ರಶ್ನೆ. ಇನ್ನೂ ಬಿಡಿಸಿ ಹೇಳುವುದಾದರೆ, ದೂರದಿಂದ ಬರುವ ಮಾತು ಒಳ್ಳೆಯದೇ ಆಗಿದ್ದರೆ, ಅದನ್ನು ಹಾಗೆಯೇ ಮರುನುಡಿಯುವ ಸ್ಥಳೀಯ ಕೇಂದ್ರವು ತನ್ನ ಕರ್ತವ್ಯವನ್ನು ಪೂರೈಸಿದಂತಾಯಿತೇ?

ಕನ್ನಡದಲ್ಲಿ ಎರಡು ಪದಗಳಿವೆ. ಬೆಟ್ಟದ ಎದುರು ಕೂಗಿದರೆ ಹಿಂದಿರುಗಿ ಬರುವುದು ಮರುದನಿ. ಮನುಷ್ಯನ ಎದುರು ನುಡಿದರೆ ಬರಬೇಕಾದುದು ಮರುಮಾತು. ಮರುದನಿಗೆ ತನ್ನದೆಂಬ ಅರ್ಥವಿಲ್ಲ, ಮರುಮಾತಿಗೆ ಇದೆ. ನಾವು ‘ಉತ್ತರದಾಯಿತ್ವ’ ಎಂಬ ದೊಡ್ಡ ಪದವನ್ನು ಆಡಳಿತದ ಚರ್ಚೆಗಳಲ್ಲಿ ಬಳಸುತ್ತೇವೆ. ಬಿಡಿಸಿ ನೋಡಿದರೆ ಅದರ ಅರ್ಥ ಸರಳ: ಕೇಳಿದವರಿಗೆ ಉತ್ತರ ಕೊಡುವ ಹೊಣೆ. ಯಾರನ್ನು ಪ್ರಶ್ನಿಸಲು ಸಾಧ್ಯವಿಲ್ಲವೋ ಅವರು ಎಷ್ಟು ಒಳ್ಳೆಯದನ್ನು ನುಡಿದರೂ ಆ ನುಡಿಗೆ ಹೊಣೆಗಾರಿಕೆ ಇರದು.

ಈ ಪ್ರಶ್ನೆ ನಿಚ್ಚಳವಾಗಿ ಕಾಣಿಸಿಕೊಂಡ ದೇಶ ಅಮೆರಿಕ. ಆದುದರಿಂದ ಕೆಲಹೊತ್ತು ಅಲ್ಲಿಗೆ ಹೋಗಿ ಬರೋಣ. ಅಲ್ಲಿ ರೇಡಿಯೋ ಮೊದಲಿನಿಂದಲೂ ಹೆಚ್ಚಾಗಿ ಖಾಸಗಿಯವರದು, ಊರೂರಿಗೆ ಬೇರೆ ಬೇರೆ ಕೇಂದ್ರಗಳದು. ವಿವಾದದ ವಿಷಯಗಳಲ್ಲಿ ಎರಡೂ ಪಕ್ಷಗಳಿಗೆ ಅವಕಾಶ ಕೊಡಬೇಕೆಂಬ ಸಮನ್ಯಾಯದ ನಿಯಮವೊಂದು 1949ರಿಂದ ಜಾರಿಯಲ್ಲಿದ್ದು, 1987ರಲ್ಲಿ ರದ್ದಾಯಿತು. ಆ ಬಳಿಕ, ಒಬ್ಬ ಮಾತುಗಾರ ಒಂದು ನಗರದಲ್ಲಿ ಕುಳಿತು ಗಂಟೆಗಟ್ಟಲೆ ರಾಜಕೀಯ ಮಾತನಾಡುವುದು, ಅದನ್ನು ಉಪಗ್ರಹದ ಮೂಲಕ ನೂರಾರು ಊರುಗಳ ಕೇಂದ್ರಗಳು ಏಕಕಾಲಕ್ಕೆ ಪ್ರಸಾರ ಮಾಡುವುದು ದೊಡ್ಡ ಉದ್ಯಮವಾಗಿ ಬೆಳೆಯಿತು. ಸ್ಥಳೀಯ ಕೇಂದ್ರಕ್ಕೆ ಇದರಲ್ಲಿ ಲಾಭವಿತ್ತು. ಊರಿನ ನಿರೂಪಕನಿಗೆ ಸಂಬಳ ಕೊಡಬೇಕಿಲ್ಲ. ಸಿದ್ಧವಾದ ಮಾತು ಹೊರಗಿನಿಂದ ಬರುತ್ತದೆ.

ಮೊದಲು ಈ ಬಗೆಯ ಪ್ರಸಾರದಲ್ಲಿ ಸಂಪ್ರದಾಯವಾದಿಗಳದೇ ಮೇಲುಗೈ. ಅದಕ್ಕೆ ಎದುರಾಗಿ 2004ರ ಮಾರ್ಚ್ 31ರಂದು ‘ಏರ್ ಅಮೆರಿಕ’ ಎಂಬ ಪ್ರಗತಿಪರ ಜಾಲ ಹುಟ್ಟಿತು. ಕಾರ್ಮಿಕರ ಹಕ್ಕು, ಯುದ್ಧವಿರೋಧ, ಎಲ್ಲರಿಗೂ ಆರೋಗ್ಯಸೇವೆ ಮುಂತಾದ ವಿಷಯಗಳನ್ನು ಅದು ಎತ್ತಿಕೊಂಡಿತು. ಪೋರ್ಟ್‌ಲ್ಯಾಂಡ್, ಮ್ಯಾಡಿಸನ್ ಮುಂತಾದ ನಗರಗಳ ಕೇಂದ್ರಗಳು ಅದನ್ನು ಪ್ರಸಾರ ಮಾಡಿದವು. 2010ರ ಜನವರಿಯಲ್ಲಿ ಆ ಜಾಲ ನಿಂತುಹೋಯಿತು. ಪ್ರಗತಿಪರ ಮಾತುಗಾರರು ಬೇರೆ ಜಾಲಗಳ ಮೂಲಕ ಮುಂದುವರಿದರು. ಆದರೆ ಊರಿನ ಕೇಂದ್ರಗಳ ಕಥೆ ಬೇರೆಯಾಗಿತ್ತು.

ಮ್ಯಾಡಿಸನ್ ನಗರದ ಉದಾಹರಣೆ ಚಿಂತನಾರ್ಹವಾದುದು. 2006ರ ಕೊನೆಯಲ್ಲಿ ಅಲ್ಲಿನ ಪ್ರಗತಿಪರ ಕೇಂದ್ರವನ್ನು ಕ್ರೀಡಾ ಪ್ರಸಾರಕ್ಕೆ ಬದಲಿಸುವುದಾಗಿ ಒಡೆಯರು ಪ್ರಕಟಿಸಿದರು. ಕೇಳುಗರು ಪ್ರತಿಭಟಿಸಿದರು. ಒಡೆಯರು ನಿರ್ಧಾರವನ್ನು ಹಿಂತೆಗೆದುಕೊಂಡರು. ಹತ್ತು ವರ್ಷಗಳ ಬಳಿಕ, 2016ರ ನವೆಂಬರ್‌ನಲ್ಲಿ, ಅದೇ ಕೇಂದ್ರದಿಂದ ಮಾತು ಮರೆಯಾಗಿ ಕ್ರಿಸ್‌ಮಸ್ ಹಾಡುಗಳು ಕೇಳಿಬಂದವು. ಪೋರ್ಟ್‌ಲ್ಯಾಂಡಿನ ಕೇಂದ್ರವೂ 2012ರಲ್ಲಿ ಕ್ರೀಡೆಗೆ ತಿರುಗಿತ್ತು. ಇಷ್ಟರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಜನಪರವಾದ ಮಾತನ್ನು ಆಡುತ್ತಿದ್ದ ಆ ಕೇಂದ್ರಗಳು ಜನರ ಕೈಯಲ್ಲಿರಲಿಲ್ಲ. ಪ್ರಜೆಗಳೇ ಪ್ರಭುಗಳೆಂದು ದಿನವೂ ಕೇಳಿಸುತ್ತಿದ್ದ ಆ ಪೆಟ್ಟಿಗೆಯ ಕೀಲಿ ಬೇರೊಬ್ಬರ ಜೇಬಿನಲ್ಲಿತ್ತು. ದನಿಯಿಲ್ಲದವರ ಪರವಾಗಿ ಮಾತನಾಡುವುದು ಒಂದು. ದನಿಯಿಲ್ಲದವರಿಗೆ ಮಾತನಾಡುವ ಸರದಿ ಕೊಡುವುದು ಇನ್ನೊಂದು. ಮೊದಲನೆಯದನ್ನು ಮಾಡುತ್ತ ಎರಡನೆಯದನ್ನು ಮರೆತ ಪ್ರಗತಿಪರತೆ ಅರ್ಧ ದಾರಿಯಲ್ಲಿ ನಿಂತಂತೆ.

ಅದೇ ದೇಶದ ಇನ್ನೊಂದು ಘಟನೆ ಇದಕ್ಕಿಂತ ಘೋರವಾದುದು. 2002ರ ಜನವರಿ 18ರ ನಡುರಾತ್ರಿಯ ಬಳಿಕ ನಾರ್ತ್ ಡಕೋಟ ರಾಜ್ಯದ ಮೈನಾಟ್ ಎಂಬ ಊರಿನ ಹತ್ತಿರ ಸರಕು ರೈಲು ಹಳಿ ತಪ್ಪಿ ವಿಷಕಾರಿ ಅಮೋನಿಯ ಅನಿಲ ಹರಡಿತು. ಜನರಿಗೆ ಎಚ್ಚರಿಕೆ ಕೊಡಲು ಅಧಿಕಾರಿಗಳು ರೇಡಿಯೋ ಕೇಂದ್ರಕ್ಕೆ ಕರೆ ಮಾಡಿದರೆ, ತಕ್ಷಣ ಉತ್ತರಿಸುವವರು ಸಿಗಲಿಲ್ಲ. ಊರಿನ ಬಹುಪಾಲು ವಾಣಿಜ್ಯ ಕೇಂದ್ರಗಳು ಒಂದೇ ದೊಡ್ಡ ಸಂಸ್ಥೆಗೆ ಸೇರಿದ್ದವು. ತಪ್ಪು ಕೇಂದ್ರದ್ದೋ, ಅಧಿಕಾರಿಗಳ ತುರ್ತು ಉಪಕರಣದ್ದೋ ಎಂಬ ವಾದ ಆಮೇಲೆ ನಡೆಯಿತು. ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ವಾದದ ತೀರ್ಪು ಏನೇ ಇರಲಿ, ಒಂದು ಪ್ರಶ್ನೆ ಉಳಿಯುತ್ತದೆ. ಊರಿನ ಹೆಸರನ್ನು ಹೊತ್ತ ಕೇಂದ್ರದಲ್ಲಿ ಊರಿನವರ ಕೂಗಿಗೆ ಓಗೊಡಲು ಯಾರಿರಬೇಕು? ಕಾವೇರಿಯ ದಡದಲ್ಲಿ ಬದುಕುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮೆಟ್ಟೂರಿನ ಮಟ್ಟ 120 ಅಡಿ ಮುಟ್ಟಿ ಹೆಚ್ಚುವರಿ ನೀರನ್ನು ಹೊರಬಿಡುವ ದಿನ, ನೀರು ಎಷ್ಟು ಸಾವಿರ ಘನ ಅಡಿ ಎಂಬುದನ್ನು ಚೆನ್ನೈನಿಂದಲೂ ಹೇಳಬಹುದು. ಯಾವ ಓಣಿಗೆ ಮೊದಲು ನೀರು ನುಗ್ಗುತ್ತದೆ, ಯಾವ ಹರಿಗೋಲು ಇಂದು ಹೊರಡಬಾರದು ಎಂಬುದನ್ನು ಆ ಓಣಿಯನ್ನು ತುಳಿದವರೇ ಹೇಳಬೇಕು.

ಇಲ್ಲಿಗೆ ವಾದ ಮುಗಿಯಿತೆಂದು ಭಾವಿಸಿದರೆ ನಾವು ಸುಲಭದ ದಾರಿ ಹಿಡಿದಂತಾಗುತ್ತದೆ. ಹತ್ತಿರದ್ದೆಲ್ಲ ಒಳ್ಳೆಯದು, ದೂರದ್ದೆಲ್ಲ ಕೆಟ್ಟದ್ದು ಎಂಬುದು ನಿಜವಲ್ಲ. ಊರಿನ ದನಿ ಎಂದರೆ ಬಹುವೇಳೆ ಊರಿನ ಬಲ್ಲಿದರ ದನಿಯೇ ಆಗಿರುತ್ತದೆ. ತಮಟೆ ಹೊಡೆದು ಸಾರುವ ಕೆಲಸ ಒಂದು ಜಾತಿಯವರ ಹೆಗಲಿಗೇ ಏಕೆ ಬಿದ್ದಿತ್ತು ಎಂದು ನಮ್ಮ ಊರುಗಳು ತಾವಾಗಿ ಕೇಳಿಕೊಳ್ಳಲಿಲ್ಲ. 2022ರ ಆಗಸ್ಟ್‌ನಲ್ಲಿ, ಈ ‘ತಂಡೋರಾ’ ಪದ್ಧತಿಯನ್ನು ಕೈಬಿಡಬೇಕೆಂಬ ಸೂಚನೆ ಚೆನ್ನೈನ ಸಚಿವಾಲಯದಿಂದಲೇ ಬರಬೇಕಾಯಿತು.

ಇದಕ್ಕಿಂತ ನೋವಿನ ಉದಾಹರಣೆ ನಮ್ಮ ಜಿಲ್ಲೆಗಳಲ್ಲೇ ಇದೆ. ಹೆಣ್ಣು ಶಿಶುಗಳನ್ನು ಹುಟ್ಟಿದೊಡನೆ ಇಲ್ಲವಾಗಿಸುವ ಕ್ರೌರ್ಯಕ್ಕಾಗಿ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಹೆಸರು ದೇಶದ ಮುಂದೆ ಬಂದ ಕಾಲವೊಂದಿತ್ತು. ಬೇಡವೆನಿಸಿದ ಹೆಣ್ಣು ಮಗುವನ್ನು ಕೊಲ್ಲುವ ಬದಲು ಸರ್ಕಾರಕ್ಕೆ ಒಪ್ಪಿಸಿರೆಂದು ತೊಟ್ಟಿಲು ಮಗು ಯೋಜನೆಯನ್ನು 1992ರಲ್ಲಿ ತಮಿಳುನಾಡು ಸರ್ಕಾರ ಮೊದಲು ಆರಂಭಿಸಿದ್ದೇ ಸೇಲಂ ಜಿಲ್ಲೆಯಲ್ಲಿ. 2001ರಲ್ಲಿ ಅದು ಧರ್ಮಪುರಿಗೂ ಮತ್ತಿತರ ಜಿಲ್ಲೆಗಳಿಗೂ ವಿಸ್ತರಿಸಿತು. ಈ ವಿಷಯವಾಗಿ ನಮ್ಮ ಜಗಲಿಗಳು ಮಾತನಾಡಿದ್ದು ನನ್ನ ನೆನಪಿನಲ್ಲಿಲ್ಲ. ಪಿಸುಮಾತು ಇತ್ತು, ಮಾತು ಇರಲಿಲ್ಲ. ಹೊರಗಿನ ಪತ್ರಕರ್ತರು, ದೂರದ ಕಾರ್ಯಕರ್ತರು, ರಾಜಧಾನಿಯ ಅಧಿಕಾರಿಗಳು ನುಡಿದ ಮೇಲೆಯೇ ನಾವು ತಲೆ ಎತ್ತಿ ನೋಡಿದೆವು. ಆ ದಿನ ದೂರದ ದನಿ ಇಲ್ಲದಿದ್ದರೆ ಹತ್ತಿರದ ಮೌನವೇ ಗೆಲ್ಲುತ್ತಿತ್ತು.

ಆದುದರಿಂದ ದೂರದ ದನಿಗೆ ನಾವು ಋಣಿಗಳು. ಊರಿನ ಕಟ್ಟುಪಾಡಿಗೆ ಅಂಜದ ಸ್ವಾತಂತ್ರ್ಯ ಅದಕ್ಕಿದೆ. ಆದರೆ ಆ ಋಣವನ್ನು ಒಪ್ಪಿಕೊಂಡ ಮೇಲೂ ಒಂದು ಸಂಗತಿ ಮಿಕ್ಕುತ್ತದೆ. ಹೆತ್ತ ತಾಯಿಯ ಭಯವೇನು, ಆಕೆಯ ಮೇಲಿದ್ದ ಒತ್ತಡ ಯಾರದು, ವರದಕ್ಷಿಣೆಯ ಲೆಕ್ಕವನ್ನು ಆ ಮನೆಯಲ್ಲಿ ಹಾಕಿದವರು ಯಾರು ಎಂಬುದನ್ನು ದೂರದ ದನಿ ಊಹಿಸಬಲ್ಲದು, ಅಷ್ಟೆ. ಅದು ‘ಇದು ತಪ್ಪು’ ಎಂದು ಹೇಳಬಲ್ಲದು. ‘ನಿನ್ನ ಮನೆಯಲ್ಲಿ ಏನು ನಡೆಯಿತು, ಹೇಳು ತಾಯಿ’ ಎಂದು ಕೇಳಿ, ಉತ್ತರ ಬರುವವರೆಗೆ ಕುಳಿತಿರಲಾರದು. ತತ್ತ್ವವನ್ನು ದೂರದಿಂದ ತರಬಹುದು. ಆ ತತ್ತ್ವ ಒಂದು ಮನೆಯೊಳಗೆ ನೆಲೆ ನಿಲ್ಲಬೇಕಾದರೆ ಆ ಮನೆಯವರ ಬಾಯಿಂದಲೇ ಅದು ಮಾತಾಗಿ ಹೊರಡಬೇಕು.

ಹೀಗಾಗಿ ದೂರ, ಹತ್ತಿರ ಎಂಬುದು ನಿಜವಾದ ಅಳತೆಗೋಲಲ್ಲ. ದನಿ ಎಲ್ಲಿಂದ ಬಂದರೂ, ಅದು ತಲುಪಿದ ಠಾವಿನಲ್ಲಿ ಮರುಮಾತಿಗೆ ಎಡೆ ಇದೆಯೇ ಎಂಬುದೇ ಅಳತೆಗೋಲು. ಕೇಳಿದವನು ಎದ್ದು ನಿಂತು ‘ಇದು ಹೀಗಲ್ಲ’ ಎನ್ನಬಹುದಾದರೆ, ಆ ಮಾತು ಬಂದ ದಾರಿಯಲ್ಲೇ ಹಿಂದಕ್ಕೂ ಹೋಗಬಹುದಾದರೆ, ದೂರದ ದನಿಯೂ ನಮ್ಮದಾಗುತ್ತದೆ. ಇಲ್ಲವಾದರೆ ಪಕ್ಕದ ಬೀದಿಯ ದನಿಯೂ ಪರಕೀಯವೇ.

ಈ ಅಳತೆಗೋಲನ್ನು ಹಿಡಿದು ನಮ್ಮ ನಾಡಿನ ರೇಡಿಯೋವನ್ನು ನೋಡೋಣ. ಕನ್ನಡದ ಪ್ರಸಾರ ಹುಟ್ಟಿದ್ದೇ ಸ್ಥಳೀಯವಾಗಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದಿಂದಲೇ ಮುಂದೆ ಇಡೀ ದೇಶಕ್ಕೆ ಬಂತು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಕೇಂದ್ರ ಅಲ್ಲಿಗೆ ವರ್ಗವಾಯಿತು. ಮೈಸೂರಿಗೆ ತನ್ನ ದನಿ ಮರಳಿ ದೊರೆತದ್ದು 1974ರಲ್ಲಿ. ದೇಶಕ್ಕೆ ಹೆಸರು ಕೊಟ್ಟ ಊರೇ ಸುಮಾರು ಎರಡು ದಶಕ ಸ್ವಂತ ಕೇಂದ್ರವಿಲ್ಲದೆ ಇದ್ದಿತೆಂಬುದು ಯೋಚಿಸಬೇಕಾದ ಸಂಗತಿ. ದೊಡ್ಡ ಊರು ಚಿಕ್ಕ ಊರಿನ ಬಾಯನ್ನು ದುರುದ್ದೇಶದಿಂದಲೇ ಮುಚ್ಚಬೇಕೆಂದಿಲ್ಲ. ಅನುಕೂಲದ ಹೆಸರಿನಲ್ಲಿಯೂ ಮುಚ್ಚಬಹುದು.

ಈ ಕೊರತೆಯನ್ನು ಆಕಾಶವಾಣಿ ತಾನೇ ಗುರುತಿಸಿತೆಂಬುದನ್ನೂ ಹೇಳಬೇಕು. ಜಿಲ್ಲೆಯ ಜನರ ಬದುಕನ್ನೇ ವಸ್ತುವಾಗಿಸಿಕೊಂಡ ಸ್ಥಳೀಯ ಕೇಂದ್ರಗಳ ಕಲ್ಪನೆ ಬಂದಾಗ ಮೊದಲನೆಯದು 1984ರಲ್ಲಿ ತಮಿಳುನಾಡಿನ ನಾಗರಕೋವಿಲಿನಲ್ಲಿ ಆರಂಭವಾಯಿತು. ಕರ್ನಾಟಕದ ಹಾಸನ, ಚಿತ್ರದುರ್ಗ, ಮಡಿಕೇರಿ, ರಾಯಚೂರು, ಕಾರವಾರ ಮುಂತಾದೆಡೆ ಮುಂದೆ ಅಂಥವು ಬಂದವು. ನಮ್ಮ ಧರ್ಮಪುರಿಗೂ ಆಕಾಶವಾಣಿಯ ಎಫ್.ಎಂ. ಕೇಂದ್ರ ಬಂತು. ನಮ್ಮ ಹೊಲದ ರಾಗಿ, ಮಾವು, ನಮ್ಮ ಆಸ್ಪತ್ರೆ, ನಮ್ಮ ಶಾಲೆಯ ಮಾತು ನಮ್ಮ ಜಿಲ್ಲೆಯಿಂದಲೇ ಕೇಳುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು, ರೇಡಿಯೋ ಹಿಡಿದು ದಿಕ್ಕು ಹುಡುಕಿದ ತಲೆಮಾರಿನವರು ಬಲ್ಲರು.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂಬ ಮಹತ್ವದ ತೀರ್ಪನ್ನಿತ್ತಿತು. ಅವು ಸರ್ಕಾರದ್ದೂ ಅಲ್ಲ, ಕಂಪನಿಯದೂ ಅಲ್ಲ. ಕೆರೆಯ ನೀರಿನಂತೆ ಎಲ್ಲರದು. ಆದರೆ ತೀರ್ಪಿಗೂ ಆಚರಣೆಗೂ ನಡುವೆ ಅಂತರ ಉಳಿದುಕೊಂಡಿದೆ. ಖಾಸಗಿ ಎಫ್.ಎಂ. ಕೇಂದ್ರಗಳು ತಮ್ಮದೇ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಬಹುದು. ಸಂಚಾರ, ಹವಾಮಾನ, ನೀರು, ವಿದ್ಯುತ್ತಿನ ಪ್ರಕಟಣೆಗಳಿಗೆ ಅನುಮತಿ ಇದೆ. ಆದುದರಿಂದ ಅಮೆರಿಕದ ಮಾದರಿಯ ರಾಜಕೀಯ ಮಾತುಗಾರರ ಖಾಸಗಿ ರೇಡಿಯೋ ನಮ್ಮಲ್ಲಿ ಬೆಳೆಯಲೇ ಇಲ್ಲ. ಅಲ್ಲಿ ಮಾತಿನ ಅತಿವೃಷ್ಟಿ, ಇಲ್ಲಿ ಅನಾವೃಷ್ಟಿ. ಎರಡರಲ್ಲಿಯೂ ಸ್ಥಳೀಯ ಕೇಂದ್ರದ ಪಾಲಿಗೆ ಬಂದುದು ಮಾತ್ರ ಒಂದೇ: ಬೇರೆಡೆ ಆಡಿದ್ದನ್ನು ಮತ್ತೆ ಆಡುವುದು. “ನನಗೆ ಹೇಳಿಕೊಟ್ಟಿದ್ದು ಇಷ್ಟೇ ಸಾಮಿ.”

ಬೇರೆಯ ದಾರಿಯೊಂದು ನಮ್ಮ ನೆರೆಯಲ್ಲೇ ತೆರೆದುದನ್ನು ಇಲ್ಲಿ ನೆನೆಯಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆ ನಮ್ಮ ಗಡಿಗೆ ದೂರವಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಗ್ರಾಮಸ್ಥರು, ವಿಶೇಷವಾಗಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು, ‘ನಮ್ಮ ಧ್ವನಿ’ ಎಂಬ ಸಮುದಾಯ ಕೇಂದ್ರವನ್ನು ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಕಟ್ಟಿದರು. ಆಗ ಹಳ್ಳಿಯವರಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. ಅವರು ಟಿವಿಯ ಕೇಬಲ್ ತಂತಿಯ ಮೂಲಕ ದನಿಯನ್ನು ಮನೆಮನೆಗೆ ಕಳುಹಿಸಿದರು. 2006ರ ನೀತಿಯ ಬಳಿಕ ಇಂಥ ಸಮುದಾಯ ಬಾನುಲಿಗೆ ಸ್ವಯಂಸೇವಾ ಸಂಸ್ಥೆಗಳೂ ಅರ್ಜಿ ಹಾಕಬಹುದಾಯಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಪಾಲು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಆಗಬೇಕೆಂಬುದು ಆ ನೀತಿಯ ನಿಯಮ. ನಮ್ಮ ಅಜ್ಜಿಯ ಪ್ರಶ್ನೆಗೆ ಅರ್ಧದಷ್ಟಾದರೂ ಉತ್ತರ ಆ ನಿಯಮದಲ್ಲಿದೆ.

ಇನ್ನು ಗಡಿಯೀಚೆಯ ಕನ್ನಡಿಗರಾದ ನಮ್ಮ ವಿಚಾರ. ನಾವು ಎರಡು ದನಿಗಳ ನಡುವೆ ಬದುಕುವವರು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ನೀಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಗಲಭೆಗಳಾದವು. ಆ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಮೊದಲು ಒಂದು ಕನ್ನಡ ವಾರ್ತೆ, ಬಳಿಕ ಒಂದು ತಮಿಳು ವಾರ್ತೆ ಕೇಳಿದೆವು. ಎರಡರಲ್ಲಿಯೂ ‘ನಮ್ಮ ರೈತರು’ ಎಂಬ ಮಾತಿತ್ತು. ನನ್ನ ತಂದೆಯವರು ಕಾವೇರಿಯ ನೀರಿನಲ್ಲಿ ಬೇಸಾಯ ಮಾಡುತ್ತಿದ್ದ ಕನ್ನಡಿಗರು. ನೀರು ತಮಿಳುನಾಡಿನದು, ನುಡಿ ಕರ್ನಾಟಕದ್ದು. ಅವರು ಎರಡೂ ವಾರ್ತೆಗಳನ್ನು ಕೊನೆಯವರೆಗೆ ಕೇಳಿ ರೇಡಿಯೋ ಆರಿಸಿದರು. ಪಕ್ಕದ ಮನೆಯ ತಮಿಳು ಹಿರಿಯರು ಅಂದು ರಾತ್ರಿ ನಮ್ಮ ಜಗಲಿಯ ಮೇಲೆಯೇ ಮಲಗಿದರು. ಕೇಳಿದರೆ, “ಸೆಕೆ” ಎಂದರು. ಡಿಸೆಂಬರ್ ತಿಂಗಳಿನಲ್ಲಿ! ಆ ಒಂದು ಮಾತು ಯಾವ ವಾರ್ತೆಯಲ್ಲಿಯೂ ಬರಲಿಲ್ಲ. ಬಂದಿದ್ದರೆ ಎಷ್ಟು ಊರುಗಳಲ್ಲಿ ಎಷ್ಟು ಜನ ನೆಮ್ಮದಿಯಿಂದ ಮಲಗುತ್ತಿದ್ದರೋ!

ನಮ್ಮಂಥವರಿಗೆ ಒಂದು ಸ್ಥಳೀಯ ಕನ್ನಡ ದನಿ ಬೇಕು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಕಾರಣ ಬೇಕಿಲ್ಲ. ಅದು ಹಕ್ಕಿನ ಮಾತೂ ಹೌದು, ನೆರೆಹೊರೆಯ ಶಾಂತಿಯ ಮಾತೂ ಹೌದು. ಈ ನೆಲದಲ್ಲಿ ಕನ್ನಡ ನಿನ್ನೆ ಬಂದುದಲ್ಲ. ತಗಡೂರೆಂದು ಹೆಸರಾಗಿದ್ದ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನವಿದೆ. ಹೊಸೂರು, ತಳಿ, ಡೆಂಕಣಿಕೋಟೆಗಳ ಹಳ್ಳಿಗಳಲ್ಲಿ, ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇಂದಿಗೂ ಅಡುಗೆಮನೆಯ ನುಡಿ, ಮಗ್ಗದ ನುಡಿ. ಈ ಕನ್ನಡಕ್ಕೆ ಬಾನುಲಿಯಲ್ಲಿ ವಾರಕ್ಕೆ ಅರ್ಧ ಗಂಟೆ ಕೇಳುವುದು ಅತಿಯಾಸೆಯಲ್ಲ.

ಇಷ್ಟು ಬರೆದು ಲೇಖನಿ ಕೆಳಗಿಡಬಹುದಿತ್ತು. ದೂರು ಹೇಳಿ ಮುಗಿಸುವುದು ಸ್ಮರಣ ಸಂಚಿಕೆಗಳ ರೂಢಿಯೂ ಹೌದು. ಆದರೆ ಪ್ರಸಾರ ಕೇಂದ್ರಗಳಿಗೆ ಹಿಡಿದ ಅಳತೆಗೋಲನ್ನು ನಮ್ಮ ಮೇಲೆಯೂ ಹಿಡಿಯದಿದ್ದರೆ ಅದು ನ್ಯಾಯವಾಗದು. ಕನ್ನಡ ಸಂಘವೂ ಒಂದು ಬಗೆಯಲ್ಲಿ ಸ್ಥಳೀಯ ಕೇಂದ್ರವೇ. ನಮ್ಮ ವೇದಿಕೆಯಿಂದ ಹೊರಡುವುದು ಯಾರ ದನಿ?

ಹಲವು ವರ್ಷಗಳ ಹಿಂದೆ ಇಂಥದೇ ಒಂದು ಸಾಹಿತ್ಯ ಸಭೆಯಲ್ಲಿ ಕಾಲಪಾಲನೆಯ ಹೊಣೆ ನನ್ನದಾಗಿತ್ತು. ನೇಕಾರರ ಮನೆಯ ವಯಸ್ಸಾದ ತಾಯಿಯೊಬ್ಬರು ತಮ್ಮ ಮನೆಯಲ್ಲಿ ಬಳಸುವ ಮಗ್ಗದ ಮಾತುಗಳ ಬಗ್ಗೆ ಐದು ನಿಮಿಷ ಹೇಳಬೇಕೆಂದು ಬಂದಿದ್ದರು. ಸೀರೆಯ ಸೆರಗಿನಲ್ಲಿ ಒಂದು ಚೀಟಿ ಗಂಟು ಹಾಕಿಕೊಂಡಿದ್ದರು. ಮೊಮ್ಮಗಳಿಂದ ಬರೆಸಿ ತಂದದ್ದು. ದೂರದಿಂದ ಬಂದ ಮುಖ್ಯ ಅತಿಥಿಗಳ ಭಾಷಣ ಒಂದೂವರೆ ಗಂಟೆ ಹಿಡಿಯಿತು. ಅದು ಉತ್ತಮ ಭಾಷಣವೇ. ಸಾಮಾನ್ಯರ ನುಡಿಯೇ ನಿಜವಾದ ಕನ್ನಡವೆಂಬುದು ಅದರ ಸಾರ. ಊಟದ ಹೊತ್ತಾಯಿತೆಂದು ನಾನು ಆ ತಾಯಿಯ ಬಳಿ ಹೋಗಿ, ಇಂದು ಸಮಯವಿಲ್ಲ ಎಂದೆ. “ಪರವಾಗಿಲ್ಲ ಸ್ವಾಮಿ, ಬರೋ ವರ್ಷ ಹೇಳ್ತೀನಿ” ಎಂದು ಅವರು ಸೆರಗಿನ ಗಂಟನ್ನು ಮತ್ತೊಮ್ಮೆ ಬಿಗಿದುಕೊಂಡರು. ಮುಂದಿನ ವರ್ಷ ಅವರು ಬರಲಿಲ್ಲ. ಏಕೆ ಬರಲಿಲ್ಲವೆಂದು ಕೇಳಲು ನಾನೂ ಹೋಗಲಿಲ್ಲ.

ಸಾಮಾನ್ಯರ ನುಡಿಯ ಪರವಾದ ಭಾಷಣಕ್ಕಾಗಿ ಸಾಮಾನ್ಯರೊಬ್ಬರ ನುಡಿಯನ್ನು ನಾನು ತಡೆದೆ. ಅಮೆರಿಕದ ಯಾವ ಒಡೆಯನೂ ನನ್ನ ಕೈ ಹಿಡಿದಿರಲಿಲ್ಲ. ಯಾವ ಕಾನೂನೂ ಅಡ್ಡ ಬಂದಿರಲಿಲ್ಲ. ದೊಡ್ಡ ದನಿಯನ್ನು ಮರುದನಿಸುವುದೇ ಸಂಘದ ಘನತೆ ಎಂಬ ಭಾವನೆ ನನ್ನೊಳಗೆ ತಾನಾಗಿ ಬೇರೂರಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಬೇರೆಯವರನ್ನು ಕುರಿತು ಎಷ್ಟು ಸಲ ಆಡಿದ್ದೆನೋ!

ಆದ್ದರಿಂದ ನನ್ನ ವಿನಂತಿ ಎರಡು. ಮೊದಲನೆಯದು, ನಮ್ಮ ಜಿಲ್ಲೆಗಳ ಬಾನುಲಿಯಲ್ಲಿ ಕನ್ನಡಕ್ಕೆ ಅರ್ಧ ಗಂಟೆ ಕೊಡಿರೆಂದು ಸಂಘ ಬರೆದು ಕೇಳಲಿ. ಒಮ್ಮೆ ಅಲ್ಲ, ಪ್ರತಿವರ್ಷ ಕೇಳಲಿ. ಎರಡನೆಯದು, ಆ ಅರ್ಧ ಗಂಟೆ ನಾಳೆಯೇ ಸಿಕ್ಕರೆ ಅದರಲ್ಲಿ ಯಾರನ್ನು ಮಾತನಾಡಿಸುವೆವೆಂಬುದನ್ನು ಇಂದೇ ತೀರ್ಮಾನಿಸೋಣ. ಇಂದು ಪ್ರತಿ ಮನೆಯ ಮೊಬೈಲಿನಲ್ಲಿಯೂ ದನಿಯನ್ನು ಮುದ್ರಿಸುವ ಸೌಲಭ್ಯವಿದೆ. ಮಕ್ಕಳು ತಮ್ಮ ಮನೆಯ, ಬೀದಿಯ ಹಿರಿಯರ ಮುಂದೆ ಕುಳಿತು ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಲಿ. ಮುಳುಗಡೆಯ ಕಥೆ, ಮಗ್ಗದ ಮಾತು, ಯಾರೂ ಬಾಯಿಬಿಟ್ಟು ಹೇಳದ ತೊಟ್ಟಿಲಿನ ಕಥೆ, 1991ರ ಜಗಲಿಯ ಕಥೆ ಎಲ್ಲವೂ ಬರಲಿ. ವ್ಯಾಕರಣ ತಿದ್ದಬೇಡಿ. ತಮಿಳು ಬೆರೆತರೆ ಬೆರೆಯಲಿ.

ನಮ್ಮ ಅಜ್ಜಿ ತೀರಿಕೊಂಡು ಮೂರು ದಶಕಗಳು ಕಳೆದವು. ಅವರ ದನಿಯನ್ನು ಯಾರೂ ಮುದ್ರಿಸಿಟ್ಟಿಲ್ಲ. ನಾನೂ ಇಟ್ಟಿಲ್ಲ. ಅವರ ಪ್ರಶ್ನೆಗೆ ಅಂದು ಜಗಲಿಯ ಮೇಲೆ ಉತ್ತರ ಕೊಡುವವರಿರಲಿಲ್ಲ, ನಗುವವರಷ್ಟೇ ಇದ್ದೆವು. ಈ ಬಾರಿಯ ಸಭೆಯಲ್ಲಿ ಮುಖ್ಯ ಅತಿಥಿಗಳ ಭಾಷಣಕ್ಕೆ ಮೊದಲು ಒಂದು ಕುರ್ಚಿಯನ್ನು ಮುಂದಕ್ಕೆ ಹಾಕಿ, ಯಾರಾದರೊಬ್ಬ ಹಿರಿಯ ತಾಯಿಯನ್ನು ಅಲ್ಲಿ ಕೂರಿಸಿ, “ಹೇಳಿ ಅಮ್ಮಾ, ನಾವು ಕೇಳುತ್ತೇವೆ” ಎಂದು ಆರಂಭಿಸುವೆವಾದರೆ, ಕಾಲಪಾಲನೆಯ ಗಂಟೆಯನ್ನು ದಯವಿಟ್ಟು ನನ್ನ ಕೈಗೆ ಕೊಡಬೇಡಿ.